ಆಸಕ್ತಿಗೆ ಒಂದೇ ಒಂದು ಗೆರೆ ಯಾಕೆ?

ವಿಷಯ ಆಯ್ಕೆಯ ನಿಯಮ ಬರೆಯುವ ಶಿಕ್ಷಣಾಧಿಕಾರಿಗಳಿಗೆ ಮತ್ತು ಅದನ್ನು ಜಾರಿ ಮಾಡುವ ಶಾಲಾ ಮುಖ್ಯಸ್ಥರಿಗೆ,

ಮಾನ್ಯರೇ,

ನಮಸ್ಕಾರ. ನಾನು ಶಾಲೆಯೊಂದರ ಲೈಬ್ರರಿ ನೋಡಿಕೊಳ್ಳುವವಳು. ಪಾಠ ಮಾಡುವುದಿಲ್ಲ, ಮಾರ್ಕ್ಸ್ ಕೊಡುವುದೂ ಇಲ್ಲ. ಅದಕ್ಕೇ ಇರಬೇಕು, ಮಕ್ಕಳು ನನ್ನ ಮುಂದೆ ಸ್ವಲ್ಪ ಸಡಿಲವಾಗಿ ಇರುತ್ತಾರೆ. ಕ್ಲಾಸಿನಲ್ಲಿ ಬಾಯಿ ಬಿಡದವರು ಇಲ್ಲಿ ಬಂದು ಗಂಟೆಗಟ್ಟಲೆ ಹರಟುತ್ತಾರೆ. ಯಾರು ಯಾವ ಪುಸ್ತಕ ಒಯ್ದರು, ಯಾರು ಒಂದೇ ಪುಸ್ತಕವನ್ನು ಮತ್ತೆ ಮತ್ತೆ ಒಯ್ದರು ಅನ್ನುವುದೆಲ್ಲ ನನ್ನ ರಿಜಿಸ್ಟರಿನಲ್ಲಿದೆ.

ಹದಿನೈದರ ಆಸುಪಾಸಿನ ಮಕ್ಕಳು ಮುಂದೆ ಯಾವ ವಿಷಯ ಓದಬೇಕು ಎಂದು ತೀರ್ಮಾನವಾಗುವ ಹೊತ್ತಿಗೆ ನಿಮ್ಮ ಕಡೆಯಿಂದ ಒಂದು ಫಾರಂ ಬರುತ್ತದೆ. ಅದರಲ್ಲಿ ಅರ್ಧ ಪುಟ ಮಾರ್ಕ್ಸಿಗೆ. ಅದರ ಕೆಳಗೆ ಬೇಕಾದ ವಿಷಯ ಯಾವುದು ಎಂದು ಒಂದು, ಎರಡು, ಮೂರು ಅಂತ ಬರೆಯಲು ಜಾಗ. ಆಮೇಲೆ ತಂದೆ ತಾಯಿಯ ಸಹಿ. ಎಲ್ಲಕ್ಕಿಂತ ಕೆಳಗೆ ‘ವಿದ್ಯಾರ್ಥಿಯ ಆಸಕ್ತಿ’ ಎಂದು ಒಂದು ಗೆರೆ. ಒಂದೇ ಗೆರೆ. ಅದು ಖಾಲಿ ಬಿಟ್ಟರೂ ಫಾರಂ ವಾಪಸ್ ಬರುವುದಿಲ್ಲ. ಬಹಳ ಮಕ್ಕಳು ಖಾಲಿಯೇ ಬಿಡುತ್ತಾರೆ. ಖಾಲಿ ಇದ್ದದ್ದನ್ನು ಮೇಲಿನವರು ‘ವಿಶೇಷ ಆಸಕ್ತಿ ಇಲ್ಲ’ ಎಂದು ಓದಿಕೊಳ್ಳುತ್ತಾರೆ.

ನಾನು ಕೇಳುವುದು ಇಷ್ಟೇ. ಮಗುವಿಗೆ ಆಸಕ್ತಿ ಇಲ್ಲ ಎಂದು ತೀರ್ಮಾನಿಸುವ ಮೊದಲು, ಆ ಮಗುವಿಗೆ ಇಲ್ಲಿವರೆಗೆ ಏನೇನು ನೋಡಲು, ಮುಟ್ಟಲು, ಕೆಡಿಸಿ ಕಲಿಯಲು ಸಿಕ್ಕಿದೆ ಎಂದು ಕೇಳಿ. ಇದು ಯಾಕೆ ಮುಖ್ಯ ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಒಬ್ಬ ಹುಡುಗಿ ಆ ಫಾರಂ ಹಿಡಿದುಕೊಂಡು ನನ್ನ ಹತ್ತಿರ ಬಂದಳು. “ಮಿಸ್, ಇಲ್ಲಿ ಏನ್ ಬರೀಲಿ?” ಅಂದಳು. ನಿನಗೆ ಏನಿಷ್ಟವೋ ಅದನ್ನು ಬರಿ ಅಂದೆ. “ನಂಗೇನೂ ಇಲ್ಲ ಮಿಸ್.” ಹಾಗೆ ಹೇಳುವಾಗ ಅವಳ ಕೈಯಲ್ಲಿ ನನ್ನ ಮೇಜಿನ ಸ್ಟೇಪ್ಲರ್ ಇತ್ತು. ಪಿನ್ನು ಸಿಕ್ಕಿಕೊಂಡು ಎಷ್ಟೋ ದಿನದಿಂದ ಸುಮ್ನೆ ಬಿದ್ದಿತ್ತು ಅದು. ಮಾತಾಡುತ್ತಲೇ ಅದರ ಮೇಲ್ಭಾಗ ಎತ್ತಿದಳು. ಒಳಗಿನ ಸ್ಪ್ರಿಂಗನ್ನು ಹಿಂದಕ್ಕೆಳೆದು ಬೆರಳಲ್ಲಿ ಅದುಮಿ ಹಿಡಿದಳು. ಸೊಟ್ಟಗಾಗಿದ್ದ ಪಿನ್ನನ್ನು ಕೈವಾರದ ಮೊನೆಯಿಂದ ಎಬ್ಬಿಸಿ ತೆಗೆದಳು. ಹಳೇ ಕಾಗದದ ಮೇಲೆ ಎರಡು ಸಲ ಒತ್ತಿ ನೋಡಿ, ಸರಿಯಾಯಿತು ಎಂದು ಪಕ್ಕಕ್ಕಿಟ್ಟಳು. ಅಷ್ಟೂ ಹೊತ್ತು ಅವಳ ಗಮನ ಇದ್ದದ್ದು ಖಾಲಿ ಗೆರೆಯ ಮೇಲೆ! ಲೈಬ್ರರಿಯ ಗೋಡೆ ಗಡಿಯಾರ ನಿಂತಾಗ ಸ್ಟೂಲ್ ಹತ್ತಿದವಳೂ ಇವಳೇ. ಬೀರುವಿನ ಬಾಗಿಲು ಕಿರುಗುಟ್ಟುವುದನ್ನು ನಿಲ್ಲಿಸಿದವಳೂ ಇವಳೇ.

ಇದನ್ನೇ ಬರಿಯಬಹುದಲ್ಲ ಅಂದರೆ ಅವಳಿಗೆ ನಗು. “ಮನೇಲಿ ಇದಕ್ಕೇ ಬೈತಾರೆ ಮಿಸ್, ಎಲ್ಲಾ ಬಿಚ್ಚಿ ಹಾಕ್ತೀಯಾ ಅಂತ.”

ಅದೇ ದಿನ ಇನ್ನೊಬ್ಬ ಹುಡುಗನ ಫಾರಂ ನೋಡಿದೆ. ಆಸಕ್ತಿಯ ಗೆರೆ ಸಾಲದೆ ಅಂಚಿನವರೆಗೆ ಬರೆದಿದ್ದ. ರೊಬೊಟಿಕ್ಸ್, ಕೋಡಿಂಗ್, ಆಕಾಶ ವೀಕ್ಷಣೆ. ಸುಳ್ಳೇನಲ್ಲ. ಅವನಿಗೆ ನಿಜವಾಗಿಯೂ ಇವೆಲ್ಲ ಇಷ್ಟ. ಅಪ್ಪ ಅಮ್ಮ ಇಬ್ಬರೂ ಎಂಜಿನಿಯರುಗಳು. ಮನೆಯಲ್ಲಿ ಟೆಲಿಸ್ಕೋಪ್ ಇದೆ, ಕೇಳಿದ್ದಕ್ಕೆ ಉತ್ತರ ಹೇಳುವವರಿದ್ದಾರೆ, ಬಿಚ್ಚಿ ಹಾಕಿದರೆ ಭೇಷ್ ಅನ್ನುವವರಿದ್ದಾರೆ. ಇಬ್ಬರ ಕೈಯೂ ಒಂದೇ ಕೆಲಸಕ್ಕೆ ತವಕಿಸುತ್ತಿತ್ತು. ಒಬ್ಬನಿಗೆ ಅದು ಆಸಕ್ತಿ ಎಂದು ಮನೆ ಹೇಳಿಕೊಟ್ಟಿತ್ತು, ಇನ್ನೊಬ್ಬಳಿಗೆ ಅದು ಕಿತಾಪತಿ ಎಂದು. ಅವಳು ಕೊನೆಗೆ ದೊಡ್ಡಪ್ಪನ ಮಗಳು ತೆಗೆದುಕೊಂಡಿದ್ದ ವಿಷಯವನ್ನೇ ತೆಗೆದುಕೊಂಡಳು. ಕಾರಣ ಕೇಳಿದರೆ, ಅಕ್ಕನ ಹಳೇ ಪುಸ್ತಕ ಇವೆಯಲ್ಲ ಅಂದಳು.

ಸಣ್ಣ ವಯಸ್ಸಿನ ಆಸಕ್ತಿ ಎಷ್ಟರಮಟ್ಟಿಗೆ ಮುಂದಿನ ದಾರಿಯನ್ನು ತೀರ್ಮಾನಿಸುತ್ತದೆ? ಇದರ ಬಗ್ಗೆ 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ರಾಬರ್ಟ್ ಟಾಯ್ ಮತ್ತು ಸಂಗಡಿಗರ ಒಂದು ಅಧ್ಯಯನ ಬಂತು. ನಿಮ್ಮಲ್ಲಿ ಕೆಲವರು ಓದಿರಬಹುದು. ಅಮೆರಿಕದಲ್ಲಿ 1988ರಲ್ಲಿ ಎಂಟನೇ ತರಗತಿಯಲ್ಲಿದ್ದ ಮಕ್ಕಳನ್ನು, 30 ವರ್ಷವಾದಾಗ ಏನು ಕೆಲಸ ಮಾಡುತ್ತಿರುತ್ತೀರಿ ಎಂದು ಕೇಳಲಾಗಿತ್ತು. ಮುಂದೆ 2000ದ ಹೊತ್ತಿಗೆ ಅವರಲ್ಲಿ ಪದವಿ ಪಡೆದವರು ಯಾವ ವಿಷಯದಲ್ಲಿ ಪಡೆದರು ಎಂದು ನೋಡಿದರು. ಒಟ್ಟು 3,359 ಜನರ ಲೆಕ್ಕ. ವಿಜ್ಞಾನಕ್ಕೆ ಸಂಬಂಧಿಸಿದ ಕೆಲಸ ಎಂದು ಆಗಲೇ ಹೇಳಿದ್ದವರು, ಹೇಳದವರಿಗಿಂತ ಜೀವವಿಜ್ಞಾನದಲ್ಲಿ ಪದವಿ ಪಡೆಯುವ ಸಾಧ್ಯತೆ 1.9 ಪಟ್ಟು ಜಾಸ್ತಿ ಇತ್ತು. ಭೌತವಿಜ್ಞಾನ, ಎಂಜಿನಿಯರಿಂಗ್ ಕಡೆ ಹೋಗುವ ಸಾಧ್ಯತೆ 3.4 ಪಟ್ಟು.

ನನಗೆ ಜಾಸ್ತಿ ಕಾಡಿದ್ದು ಅದರೊಳಗಿನ ಇನ್ನೊಂದು ಲೆಕ್ಕ. ಗಣಿತದಲ್ಲಿ ಸಾಧಾರಣ ಮಾರ್ಕ್ಸ್ ಇದ್ದು, ವಿಜ್ಞಾನದ ಕೆಲಸದ ಆಸೆ ಇದ್ದ ಮಗು ಭೌತವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ ಪಡೆಯುವ ಸಾಧ್ಯತೆ ಶೇ. 34. ಗಣಿತದಲ್ಲಿ ತುಂಬಾ ಚೆನ್ನಾಗಿದ್ದು ಅಂಥ ಆಸೆ ಇಲ್ಲದ ಮಗುವಿನದು ಶೇ. 19. ಅಂದರೆ, ಹದಿಮೂರು ಹದಿನಾಲ್ಕರಲ್ಲಿ ತಾನು ಏನಾಗಬಹುದು ಎಂದು ಮಗು ಅಂದುಕೊಂಡದ್ದು ಮಾರ್ಕ್ಸಿಗಿಂತ ಚೆನ್ನಾಗಿ ಅದರ ದಾರಿ ಹೇಳಿತ್ತು. ಹೀಗಿರುವಾಗ ನಿಮ್ಮ ಫಾರಂನಲ್ಲಿ ಮಾರ್ಕ್ಸಿಗೆ ಅರ್ಧ ಪುಟ, ಆಸಕ್ತಿಗೆ ಒಂದು ಗೆರೆ!

ಹಾಗಂತ ಆ ಆಸೆ ಎಲ್ಲಿಂದ ಬಂತು ಅನ್ನುವುದನ್ನು ಬಿಟ್ಟು ಈ ಲೆಕ್ಕ ಓದಿದರೆ ತಪ್ಪಾಗುತ್ತದೆ. ಲಂಡನ್ನಿನಲ್ಲಿ ಲೂಯಿಸ್ ಆರ್ಚರ್ ಅವರ ತಂಡ ಹತ್ತರಿಂದ ಹದಿನಾಲ್ಕು ವರ್ಷದ ಮಕ್ಕಳ ಹಿಂದೆ ವರ್ಷಗಟ್ಟಲೆ ಬಿದ್ದು ಮಾತಾಡಿಸಿತು. ಹೆಚ್ಚಿನ ಮಕ್ಕಳು ಸೈನ್ಸ್ ಕ್ಲಾಸ್ ಇಷ್ಟ ಅಂದರು. ನೀನು ವಿಜ್ಞಾನಿ ಆಗುತ್ತೀಯಾ ಅಂದರೆ ಅದರಲ್ಲಿ ಬಹುಪಾಲು ಮಕ್ಕಳು ಇಲ್ಲ ಅಂದರು. ಇಷ್ಟ, ಆದರೆ ಅದು ನಮ್ಮಂಥವರಿಗಲ್ಲ ಅನ್ನುವ ಭಾವನೆ. ಮನೆಯಲ್ಲಿ, ನೆಂಟರಿಷ್ಟರಲ್ಲಿ ವಿಜ್ಞಾನ ಓದಿದವರು ಇದ್ದರೆ, ಊಟದ ಹೊತ್ತಲ್ಲಿ ಅಂಥ ಮಾತು ಬರುತ್ತಿದ್ದರೆ ಅದು ತನ್ನದೂ ಆಗಬಹುದು ಎಂದು ಮಗುವಿಗೆ ಅನ್ನಿಸುವುದು ಜಾಸ್ತಿ. ಇಷ್ಟಪಡುವುದು ಬೇರೆ, ತಾನು ಅದಾಗಬಹುದು ಎಂದುಕೊಳ್ಳುವುದು ಬೇರೆ. ಮೊದಲನೆಯದನ್ನು ಒಳ್ಳೇ ಟೀಚರ್ ಕೊಡಬಹುದು. ಎರಡನೆಯದು ಸಾಮಾನ್ಯವಾಗಿ ಮನೆಯಿಂದ ಬರುತ್ತದೆ. ಮನೆಯಲ್ಲಿ ಸಿಗದ ಮಗುವಿಗೆ ಎಲ್ಲಿಂದ ಬರಬೇಕು? ನಿಮ್ಮ ನಿಯಮದಲ್ಲಿ ಇದಕ್ಕೆ ಉತ್ತರ ಇಲ್ಲ.

ಮನೆ ಅಂದ ಕೂಡಲೇ ದುಡ್ಡು ಎಂದು ಅರ್ಥ ಮಾಡಿಕೊಳ್ಳಬೇಡಿ. ಚಿಂಪಾಂಜಿಗಳ ಅಧ್ಯಯನಕ್ಕೆ ಹೆಸರಾದ ಜೇನ್ ಗುಡಾಲ್ ಅವರ ಕತೆ ನಿಮಗೆ ಗೊತ್ತಿರುತ್ತದೆ. ನಾಲ್ಕೂವರೆ ವರ್ಷದ ಮಗು. ಕೋಳಿಯ ಮೊಟ್ಟೆ ಎಲ್ಲಿಂದ ಬರುತ್ತದೆ ಎಂದು ಯಾರನ್ನು ಕೇಳಿದರೂ ಸರಿಯಾದ ಉತ್ತರ ಸಿಗಲಿಲ್ಲ. ಹೋಗಿ ಕೋಳಿಗೂಡಿನ ಮೂಲೆಯಲ್ಲಿ ಹುಲ್ಲಿನ ಮಧ್ಯೆ ಅಡಗಿ ಕೂತಳು. ಗಂಟೆಗಟ್ಟಲೆ. ಮನೆಯವರೆಲ್ಲ ಮಗು ಕಳೆದುಹೋಯಿತು ಎಂದು ಹುಡುಕಾಡಿ ಕಂಗಾಲಾದರು. ಕೊನೆಗೆ ಮೈಗೆಲ್ಲ ಹುಲ್ಲು ಅಂಟಿಸಿಕೊಂಡು ಮಗು ಓಡಿ ಬಂತು. ತಾಯಿ ಬೈಯಲಿಲ್ಲ. ಮಗುವಿನ ಕಣ್ಣಲ್ಲಿದ್ದ ಖುಷಿ ನೋಡಿ, ಕೂತು, ಕೋಳಿ ಮೊಟ್ಟೆ ಇಟ್ಟ ಕತೆಯನ್ನು ಪೂರ್ತಿ ಕೇಳಿಸಿಕೊಂಡರು. ಗುಡಾಲ್ ಇದನ್ನು ಬದುಕಿಡೀ ಹೇಳುತ್ತಿದ್ದರು. ಆ ದಿನ ಗದರಿದ್ದರೆ ಕುತೂಹಲ ಅಲ್ಲೇ ಸಾಯುತ್ತಿತ್ತೇನೋ ಎಂದೂ ಹೇಳುತ್ತಿದ್ದರು. ಮುಂದೆ ಯೂನಿವರ್ಸಿಟಿಗೆ ಕಳಿಸುವಷ್ಟು ಹಣ ಮನೆಯಲ್ಲಿ ಇರಲಿಲ್ಲ. ಸೆಕ್ರೆಟರಿ ಕೆಲಸ ಕಲಿತರು. 1960ರಲ್ಲಿ ಚಿಂಪಾಂಜಿ ನೋಡಲು ಆಫ್ರಿಕಾದ ಗೊಂಬೆ (Gombe) ಎಂಬ ಕಾಡಿಗೆ ಹೋದಾಗ, ಒಂಟಿ ಹೆಣ್ಣುಮಗಳನ್ನು ಬಿಡುವುದಿಲ್ಲ ಎಂದು ಅಲ್ಲಿನ ಅಧಿಕಾರಿಗಳು ತಕರಾರು ತೆಗೆದರು. ಆಗ ಜೊತೆಗೆ ಹೊರಟವರು ಅದೇ ತಾಯಿ. ಮೊದಲ ಪದವಿ ಇಲ್ಲದೆಯೇ ಕೇಂಬ್ರಿಜ್ ಅವರನ್ನು ಪಿಎಚ್‌ಡಿಗೆ ಸೇರಿಸಿಕೊಂಡಿತು.

ಆ ತಾಯಿ ಕೊಟ್ಟದ್ದಕ್ಕೆ ಖರ್ಚೇನೂ ಇರಲಿಲ್ಲ. ಕಿವಿ ಕೊಟ್ಟರು, ಅಷ್ಟೇ. ಆದರೆ ಕೆಲಸದಿಂದ ಸುಸ್ತಾಗಿ ಬಂದ ಎಷ್ಟು ಅಪ್ಪ ಅಮ್ಮಂದಿರಿಗೆ ಹಾಗೆ ಕೂತು ಕೇಳುವ ತ್ರಾಣ ಉಳಿದಿರುತ್ತದೆ? ಅದನ್ನೂ ಯೋಚಿಸಬೇಕು. ಬಡವರ ಮನೆ ಮಕ್ಕಳು ಚಿಕ್ಕಂದಿನಲ್ಲಿ ಮೂರು ಕೋಟಿ ಪದ ಕಡಿಮೆ ಕೇಳಿರುತ್ತಾರೆ ಎಂಬ ಮಾತೊಂದು ಶಿಕ್ಷಣದ ಸಭೆಗಳಲ್ಲಿ ಓಡಾಡುತ್ತಿರುತ್ತದೆ. ಅದು ಬಂದದ್ದು 1995ರಲ್ಲಿ ಹಾರ್ಟ್ ಮತ್ತು ರಿಸ್ಲಿ ಪ್ರಕಟಿಸಿದ ಅಧ್ಯಯನದಿಂದ. ಅವರು ನೋಡಿದ್ದು 42 ಮನೆಗಳನ್ನು. ಆಮೇಲೆ ಬೇರೆಯವರು ಹುಡುಕಿದಾಗ ಅಷ್ಟು ದೊಡ್ಡ ಅಂತರ ಸಿಗಲಿಲ್ಲ. ಪದಗಳ ಎಣಿಕೆಗಿಂತ, ದೊಡ್ಡವರೂ ಮಗುವೂ ಸರದಿಯಂತೆ ಮಾತಾಡುವುದು ಮುಖ್ಯ ಎಂದು ಈಚಿನ ಅಧ್ಯಯನಗಳು ಹೇಳುತ್ತವೆ. ಆದ್ದರಿಂದ ದಯವಿಟ್ಟು ಆ ಮೂರು ಕೋಟಿಯನ್ನು ಹಿಡಿದುಕೊಂಡು ಪೋಷಕರಿಗೆ ಬುದ್ಧಿ ಹೇಳಲು ಹೋಗಬೇಡಿ. ಸರದಿಯಂತೆ ಮಾತಾಡಲು ಶಾಲೆಯಲ್ಲಿ ಎಷ್ಟು ಅವಕಾಶ ಇದೆ ಎಂದು ಮೊದಲು ನೋಡೋಣ. ಒಂದು ಕ್ಲಾಸಿನಲ್ಲಿ ಕೂತು ಎಣಿಸಿ ನೋಡಿ, ಗೊತ್ತಾಗುತ್ತದೆ.

ಮನೆಯೊಳಗೂ ಎಲ್ಲರ ಮಾತು ಒಂದೇ ಆಗಿರುವುದಿಲ್ಲ. 1983ರ ನೊಬೆಲ್ ಪಟ್ಟಿಯಲ್ಲಿ ಎರಡು ಹೆಸರಿವೆ, ನೋಡಿ. ವೈದ್ಯಕೀಯಕ್ಕೆ ಬಾರ್ಬರಾ ಮ್ಯಾಕ್‌ಕ್ಲಿಂಟಾಕ್. ಮೆಕ್ಕೆಜೋಳದ ಜೀನುಗಳು ಜಾಗ ಬದಲಿಸುತ್ತವೆ ಎಂದು ಕಂಡುಕೊಂಡವರು. ಕಾಲೇಜು ಓದಿದರೆ ಇವಳಿಗೆ ಮದುವೆ ಆಗುವುದಿಲ್ಲ ಎಂದು ಅಮ್ಮ ಹಟ ಹಿಡಿದಿದ್ದರು. ಅಪ್ಪ ಬಂದು ಮಗಳ ಪರ ನಿಂತ ಮೇಲೆಯೇ 1919ರಲ್ಲಿ ಕಾರ್ನೆಲ್‌ಗೆ ಸೇರಿದ್ದು. ಭೌತಶಾಸ್ತ್ರಕ್ಕೆ ಅದೇ ವರ್ಷ ಪ್ರಶಸ್ತಿ ಹಂಚಿಕೊಂಡವರಲ್ಲಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಒಬ್ಬರು. ಸರ್ ಸಿ.ವಿ. ರಾಮನ್ ಅವರ ಅಣ್ಣನ ಮಗ. ಇಲ್ಲಿ ಉಲ್ಟಾ. ಮಗ ಸರ್ಕಾರದ ದೊಡ್ಡ ಹುದ್ದೆಗೆ ಹೋಗಲಿ ಎಂದು ಅಪ್ಪನ ಆಸೆ. ನಿನಗೆ ಇಷ್ಟವಾದದ್ದನ್ನು ಓದು ಎಂದವರು ಅಮ್ಮ. 1930ರಲ್ಲಿ ಅವರು ಇಂಗ್ಲೆಂಡಿಗೆ ಹೊರಡುವಾಗ ಆ ತಾಯಿಗೆ ಕಾಯಿಲೆ. ಆದರೂ ಹೋಗು ಅಂದರು. ಮರುವರ್ಷ ತೀರಿಕೊಂಡರು.

ಎರಡು ಮನೆಯಲ್ಲೂ ಒಬ್ಬರು ಬೇಡ ಅಂದರು, ಒಬ್ಬರು ಹೂಂ ಅಂದರು. ಹೂಂ ಅಂದ ಆ ಒಬ್ಬರು ಇಲ್ಲದ ಮನೆಗಳ ಮಕ್ಕಳ ಹೆಸರು ನಮಗೆ ಗೊತ್ತೇ ಇರುವುದಿಲ್ಲ, ಅಲ್ವಾ? ಇಂಥ ಕತೆಗಳನ್ನು ಓದುವಾಗ ನನಗೆ ಸದಾ ಇರುವ ಅನುಮಾನವೂ ಇದೇ. ಗೆದ್ದವರ ಬಾಲ್ಯವನ್ನು ಮಾತ್ರ ನಾವು ಓದುತ್ತೇವೆ.

ಆ ಹೂಂ ಅನ್ನುವವರು ಮನೆಯವರೇ ಆಗಬೇಕೆಂದೇನೂ ಇಲ್ಲ. ವಿದ್ಯುತ್ತಿನ ಸಂಶೋಧನೆಗೆ ಹೆಸರಾದ ವಿಜ್ಞಾನಿ ಮೈಕೆಲ್ ಫ್ಯಾರಡೆ ಕಮ್ಮಾರನ ಮಗ. 14ನೇ ವಯಸ್ಸಿಗೆ ಜಾರ್ಜ್ ರೀಬೋ ಎಂಬವರ ಅಂಗಡಿಯಲ್ಲಿ ಪುಸ್ತಕ ಹೊಲಿಯುವ ಕೆಲಸ ಕಲಿಯಲು ಸೇರಿದ. ಬೈಂಡಿಂಗಿಗೆ ಬಂದ ಪುಸ್ತಕಗಳನ್ನು ಹುಡುಗ ಓದುತ್ತಾ ಕೂತರೆ ಯಜಮಾನ ತಡೆಯಲಿಲ್ಲ. ಏಳು ವರ್ಷ ಹಾಗೇ ನಡೆಯಿತು. 1812ರಲ್ಲಿ ಆ ಅಂಗಡಿಗೆ ಬರುತ್ತಿದ್ದ ಗಿರಾಕಿಯೊಬ್ಬರು ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿಯ ಉಪನ್ಯಾಸಗಳಿಗೆ ಟಿಕೆಟ್ ಕೊಟ್ಟರು. ಫ್ಯಾರಡೆ ಕೇಳಿದ್ದನ್ನೆಲ್ಲ ಬರೆದುಕೊಂಡು, ತಾನೇ ಚಂದವಾಗಿ ಬೈಂಡ್ ಮಾಡಿ ಡೇವಿಗೆ ಕಳಿಸಿದ. ಮರುವರ್ಷ ಪ್ರಯೋಗಶಾಲೆಯಲ್ಲಿ ಕೆಲಸ ಸಿಕ್ಕಿತು. ಓದಲು ಬಿಟ್ಟ ಒಬ್ಬ ಯಜಮಾನ, ಟಿಕೆಟ್ ಕೊಟ್ಟ ಒಬ್ಬ ಗಿರಾಕಿ. ಲೈಬ್ರರಿಯವಳಾದ ನನಗೆ ಇದು ಸ್ವಲ್ಪ ಜಾಸ್ತಿಯೇ ಇಷ್ಟವಾಗುವ ಕತೆ, ಕ್ಷಮಿಸಿ. ಆದರೆ ಹೊರಗಿನ ಇಬ್ಬರು ಸೇರಿ ಮನೆಯಲ್ಲಿ ಇಲ್ಲದ್ದನ್ನು ತುಂಬಿಕೊಟ್ಟರು ಅನ್ನುವುದು ನೀವು ಗಮನಿಸಬೇಕಾದ ಮಾತು. ಶಾಲೆ ಮಾಡಬಹುದಾದ ಕೆಲಸ ಇದೇ.

ಆಸಕ್ತಿ ಬೆಳೆಯುವ ರೀತಿಯ ಬಗ್ಗೆ ಸೂಸಾನ್ ಹಿಡಿ ಮತ್ತು ಆನ್ ರೆನಿಂಗರ್ 2006ರಲ್ಲಿ ಬರೆದದ್ದೂ ಇದಕ್ಕೆ ಹೊಂದುತ್ತದೆ. ಅವರ ಪ್ರಕಾರ ಆಸಕ್ತಿಗೆ ನಾಲ್ಕು ಹಂತ. ಮೊದಲು ಏನೋ ಒಂದು ಗಮನ ಸೆಳೆಯುತ್ತದೆ. ಆಮೇಲೆ ಆ ಗಮನ ಸ್ವಲ್ಪ ಕಾಲ ನಿಲ್ಲುತ್ತದೆ. ಮೂರನೆಯದರಲ್ಲಿ ಮಗು ತಾನಾಗೇ ಅದರ ಹಿಂದೆ ಹೋಗಲು ಶುರು ಮಾಡುತ್ತದೆ. ನಾಲ್ಕನೆಯದರಲ್ಲಿ ಅದು ಗಟ್ಟಿಯಾಗಿ ಬೇರೂರುತ್ತದೆ. ಮೊದಲ ಎರಡು ಹಂತದಲ್ಲಿ ಹೊರಗಿನ ಆಸರೆ ತುಂಬಾ ಬೇಕು. ಯಾರೋ ತೋರಿಸಬೇಕು, ಯಾರೋ ಜೊತೆಗಿರಬೇಕು. ಆಸರೆ ತಪ್ಪಿದರೆ ಯಾವ ಹಂತದಲ್ಲೂ ಅದು ಆರಿಹೋಗಬಹುದು.

ನನ್ನ ರಿಜಿಸ್ಟರಿನಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಒಬ್ಬ ಹುಡುಗ ಜ್ವಾಲಾಮುಖಿಯ ಪುಸ್ತಕವನ್ನು ಒಯ್ಯುತ್ತಾನೆ, ತಂದುಕೊಡುತ್ತಾನೆ, ಮತ್ತೆ ಅದನ್ನೇ ಒಯ್ಯುತ್ತಾನೆ. ಆ ವಿಷಯದ ಮೇಲೆ ನಮ್ಮಲ್ಲಿ ಇರುವುದು ಅದೊಂದೇ. ಮುಂದಿನದು ಕೊಡಿ ಅಂದಾಗ ಕೊಡಲು ಇಲ್ಲ. ಸ್ವಲ್ಪ ದಿನ ಬರುತ್ತಾನೆ, ಆಮೇಲೆ ಬರುವುದಿಲ್ಲ. ಅವನು ಎರಡನೇ ಹಂತದಲ್ಲಿ ನಿಂತುಬಿಟ್ಟ. ಅವನ ಫಾರಂ ನಿಮ್ಮ ಹತ್ತಿರ ಬರುವಾಗ ಆ ಗೆರೆ ಖಾಲಿ ಇರುತ್ತದೆ.

ಇನ್ನೊಂದು ಬಗೆಯ ಪೋಷಣೆಯೂ ಇದೆ. ನೂಕುವುದು. ಇದಕ್ಕೆ ಎಲ್ಲರೂ ಹೇಳುವ ಉದಾಹರಣೆ ಹಂಗೇರಿಯ ಪೋಲ್ಗಾರ್ ಸಹೋದರಿಯರು. ಮಕ್ಕಳನ್ನು ಮನೆಯಲ್ಲೇ ಓದಿಸಿ, ಒಂದೇ ವಿಷಯದಲ್ಲಿ ಪಳಗಿಸಿದರೆ ಯಾರನ್ನೂ ಮೇಧಾವಿ ಮಾಡಬಹುದು ಎಂದು ತಂದೆ ಲಾಸ್ಲೋ ನಂಬಿದ್ದರು. ಮೂವರೂ ಹೆಸರಾಂತ ಚೆಸ್ ಆಟಗಾರ್ತಿಯರಾದರು. ಕಿರಿಯವಳು ಜುಡಿತ್ 1991ರಲ್ಲಿ 15ನೇ ವಯಸ್ಸಿಗೆ ಗ್ರ್ಯಾಂಡ್‌ಮಾಸ್ಟರ್ ಆಗಿ, ಅತಿ ಚಿಕ್ಕ ವಯಸ್ಸಿಗೆ ಆ ಪಟ್ಟ ಪಡೆದಿದ್ದ ಬಾಬಿ ಫಿಶರ್ ದಾಖಲೆ ಮುರಿದಳು. ನೋಡಿದಿರಾ, ಹಟ ಹಿಡಿದರೆ ಆಗುತ್ತೆ ಎಂದು ಪೋಷಕರ ಸಭೆಯಲ್ಲಿ ಒಬ್ಬರಲ್ಲ ಒಬ್ಬರು ಇದನ್ನು ಹೇಳಿಯೇ ಹೇಳುತ್ತಾರೆ. ಆದರೆ ಚೆಸ್ ಆ ಮನೆಗೆ ಬಂದ ಬಗೆಯನ್ನು ಅವರು ಹೇಳುವುದಿಲ್ಲ. ಹಿರಿಯವಳು ಸೂಸನ್ ನಾಲ್ಕು ವರ್ಷದವಳಿದ್ದಾಗ ಆಟದ ಸಾಮಾನು ಹುಡುಕುತ್ತಾ ಬೀರುವಿನಲ್ಲಿ ಚೆಸ್ ಬೋರ್ಡ್ ಕಂಡಳು. ಇದೇನು ಎಂದು ಕೇಳಿದಳು. ಅಪ್ಪನ ಯೋಜನೆ ಆ ಪ್ರಶ್ನೆಯ ಬೆನ್ನು ಹತ್ತಿತು.

ನೂಕುವುದರಲ್ಲಿ ಬಹುಮಾನ ಕೊಡುವುದೂ ಸೇರಿದೆ. 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಚಿತ್ರ ಬಿಡಿಸಲು ಇಷ್ಟಪಡುವ ಪುಟ್ಟ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ, ಚಿತ್ರ ಬಿಡಿಸಿದರೆ ರಿಬ್ಬನ್ ಹಚ್ಚಿದ ಸರ್ಟಿಫಿಕೇಟ್ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಎರಡನೆಯದಕ್ಕೆ ಹೇಳದೆ ಕೊಟ್ಟರು. ಮೂರನೆಯದಕ್ಕೆ ಏನೂ ಕೊಡಲಿಲ್ಲ. ಒಂದೆರಡು ವಾರ ಬಿಟ್ಟು ಅದೇ ಸ್ಕೆಚ್ ಪೆನ್ನುಗಳನ್ನು ಸುಮ್ನೆ ಮೇಜಿನ ಮೇಲಿಟ್ಟು ನೋಡಿದರು. ಬಹುಮಾನದ ಆಸೆಗೆ ಬಿಡಿಸಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಮೊದಲೇ ಇದ್ದ ಇಷ್ಟ ಕುಗ್ಗಿತ್ತು. ನಮ್ಮಲ್ಲಿ ಓದುವ ಸ್ಪರ್ಧೆ ಎಂದು ಮಾಡುತ್ತಾರಲ್ಲ, ಜಾಸ್ತಿ ಪುಸ್ತಕ ಓದಿದವರಿಗೆ ಪದಕ, ಅದರ ಮಾರನೇ ತಿಂಗಳು ಲೈಬ್ರರಿ ಹೇಗಿರುತ್ತದೆ ಎಂದು ನನ್ನನ್ನು ಕೇಳಿ. ಪದಕ ಸಿಕ್ಕವರೂ ಬರುವುದಿಲ್ಲ, ಸಿಗದವರೂ ಬರುವುದಿಲ್ಲ.

ಈಗ ನಿಮ್ಮ ನಿಯಮಕ್ಕೆ ಬರುತ್ತೇನೆ. ಮಗುವಿನ ಶಕ್ತಿ ಎಂದು ನೀವು ಅಳೆಯುವುದರಲ್ಲಿ ಎಷ್ಟು ಬೇರೆ ಸಂಗತಿಗಳು ಬೆರೆತಿವೆ ಅನ್ನುವುದಕ್ಕೆ ಹುಟ್ಟಿದ ತಿಂಗಳನ್ನೇ ತೆಗೆದುಕೊಳ್ಳಿ. ಒಂದೇ ತರಗತಿಯಲ್ಲಿ ಎಲ್ಲರಿಗಿಂತ ದೊಡ್ಡ ಮಗುವಿಗೂ ಚಿಕ್ಕ ಮಗುವಿಗೂ ಸುಮಾರು ಒಂದು ವರ್ಷದ ಅಂತರ ಇರಬಹುದು. ಕೆಲ್ಲಿ ಬೆಡಾರ್ಡ್ ಮತ್ತು ಎಲಿಜಬೆತ್ ಡುವೇ 2006ರಲ್ಲಿ ಹಲವು ದೇಶಗಳ ಅಂಕಿ ತೆಗೆದು ನೋಡಿದಾಗ, ನಾಲ್ಕನೇ ತರಗತಿಯಲ್ಲಿ ಅತಿ ಚಿಕ್ಕವರು ಅತಿ ದೊಡ್ಡವರಿಗಿಂತ 4ರಿಂದ 12 ಪರ್ಸೆಂಟೈಲ್ (ನೂರು ಮಕ್ಕಳನ್ನು ಮಾರ್ಕ್ಸಿನ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಅಷ್ಟು ಸ್ಥಾನ) ಹಿಂದಿದ್ದರು. ಎಂಟನೆಯದರಲ್ಲೂ 2ರಿಂದ 9ರಷ್ಟು ಅಂತರ ಉಳಿದಿತ್ತು. ಮೊದಲೆರಡು ವರ್ಷದಲ್ಲೇ ‘ಜಾಣ’, ‘ಮಂದ’ ಎಂದು ಹೇಳಿಬಿಟ್ಟರೆ ಮಗು ಅದನ್ನೇ ನಂಬಿಕೊಂಡು ಬೆಳೆಯುತ್ತದೆ. ಇದರಲ್ಲಿ ಮಗುವಿನದಾಗಲಿ ಮನೆಯದಾಗಲಿ ತಪ್ಪೇನಿದೆ ಹೇಳಿ?

ಬೇಗ ವಿಂಗಡಿಸಿದಷ್ಟೂ ಮನೆಯ ನೆರಳು ಜಾಸ್ತಿ ಬೀಳುತ್ತದೆ. ಜರ್ಮನಿಯ ಬಹುಪಾಲು ರಾಜ್ಯಗಳಲ್ಲಿ, ಆಸ್ಟ್ರಿಯದಲ್ಲಿ ಹತ್ತನೇ ವಯಸ್ಸಿಗೇ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗೆ ಕಳಿಸುತ್ತಾರೆ. ಫಿನ್ಲೆಂಡಿನಲ್ಲಿ 16ರ ತನಕ ಎಲ್ಲರಿಗೂ ಒಂದೇ ಬಗೆಯ ಶಾಲೆ. ಎರಿಕ್ ಹನುಶೆಕ್ ಮತ್ತು ಲುಡ್ಗರ್ ವೋಸ್ಮನ್ 2006ರಲ್ಲಿ ಹೀಗೆ ಬೇಗ ವಿಂಗಡಿಸುವ ಮತ್ತು ವಿಂಗಡಿಸದ ದೇಶಗಳನ್ನು ಹೋಲಿಸಿದರು. ಬೇಗ ವಿಂಗಡಿಸಿದ ಕಡೆ ಮಕ್ಕಳ ಕಲಿಕೆಯ ಅಂತರ ಹಿಗ್ಗಿತ್ತು. ಅದರಿಂದ ಒಟ್ಟಾರೆ ಮಟ್ಟ ಏರಿದ್ದಕ್ಕೆ ಪುರಾವೆ ಸಿಗಲಿಲ್ಲ.

ಎಂದಾದರೂ ಒಂದು ದಿನ ಆರಿಸಲೇಬೇಕಲ್ಲ ಎಂದು ನೀವು ಹೇಳುತ್ತೀರಿ. ಒಪ್ಪಿದೆ. ಎಲ್ಲರೂ ಎಲ್ಲವನ್ನೂ ಕೊನೇ ತನಕ ಓದಲು ಆಗುವುದಿಲ್ಲ. ಇಷ್ಟು ಟೀಚರು, ಇಷ್ಟು ಕೋಣೆ ಅಂತ ಲೆಕ್ಕ ಇರುತ್ತದೆ. ಚಿಕ್ಕಂದಿನಿಂದಲೂ ಒಂದೇ ವಿಷಯ ಹಿಡಿದು ಕೂತ ಮಗುವೂ ಇರುತ್ತದೆ, ಅದನ್ನು ತಡೆಯಬಾರದು. ರಾಮಾನುಜನ್ ಹಾಗಿದ್ದರು. ಐದು ಸಾವಿರದಷ್ಟು ಸೂತ್ರ, ಪ್ರಮೇಯಗಳಿದ್ದ ಪುಸ್ತಕವೊಂದು ಹದಿನಾರರ ಹೊತ್ತಿಗೆ ಕೈಗೆ ಸಿಕ್ಕಿದ ಮೇಲೆ ಬೇರೆ ಯಾವುದೂ ತಲೆಗೆ ಹತ್ತಲಿಲ್ಲ. ಉಳಿದ ವಿಷಯಗಳಲ್ಲಿ ಫೇಲಾಗಿ ಕಾಲೇಜಿನ ಸ್ಕಾಲರ್‌ಶಿಪ್ ಹೋಯಿತು. ಆಮೇಲೆ ಇನ್ನೊಂದು ಕಾಲೇಜಿಗೆ ಸೇರಿದರು, ಅಲ್ಲೂ ಪಾಸಾಗಲಿಲ್ಲ. 1913ರಲ್ಲಿ ಕೇಂಬ್ರಿಜ್‌ನ ಗಣಿತಜ್ಞ ಹಾರ್ಡಿಗೆ ಅವರೇ ಕಾಗದ ಬರೆಯದೇ ಇದ್ದಿದ್ದರೆ? ಆ ಕಾಲೇಜುಗಳ ನಿಯಮದಲ್ಲಿ ತಪ್ಪಿರಲಿಲ್ಲ. ಆದರೆ ಎರಡನೇ ಬಾಗಿಲು ಇರಲಿಲ್ಲ.

ಐನ್‌ಸ್ಟೈನ್‌ಗೆ ಆ ಬಾಗಿಲು ಸಿಕ್ಕಿತು. 1895ರಲ್ಲಿ, ಇನ್ನೂ ವಯಸ್ಸೇ ಆಗಿಲ್ಲದಾಗ, ಜ್ಯೂರಿಕ್‌ನ ಪಾಲಿಟೆಕ್ನಿಕ್ ಪ್ರವೇಶ ಪರೀಕ್ಷೆಗೆ ಕೂತರು. ಗಣಿತ, ಭೌತಶಾಸ್ತ್ರದಲ್ಲಿ ಬಹಳ ಚೆನ್ನಾಗಿ ಮಾಡಿದರು. ಸಾಮಾನ್ಯ ವಿಷಯಗಳಲ್ಲಿ ಆಗಲಿಲ್ಲ. ನಿನ್ನಿಂದ ಆಗದು ಎಂದು ಅಲ್ಲಿನ ಮುಖ್ಯಸ್ಥರು ಕಳಿಸಿಬಿಡಲಿಲ್ಲ. ಹತ್ತಿರದ ಆರಾವ್ ಎಂಬಲ್ಲಿನ ಶಾಲೆಯಲ್ಲಿ ಓದು ಮುಗಿಸಿಕೊಂಡು ಬಾ ಅಂದರು. ಒಂದು ವರ್ಷ. 1896ರಲ್ಲಿ ಪರೀಕ್ಷೆ ಇಲ್ಲದೆ ಸೇರಿಸಿಕೊಂಡರು.

ಅಂಥ ಒಂದು ವರ್ಷ ನಿಮ್ಮ ನಿಯಮದಲ್ಲಿ ಇರಲಿ ಎಂಬುದು ನನ್ನ ಮೊದಲ ಮನವಿ. ವಿಷಯ ಆರಿಸಿ ಒಂದು ವರ್ಷದ ಒಳಗೆ ಬದಲಿಸಬೇಕು ಅನ್ನಿಸಿದ ಮಗುವಿಗೆ, ತಪ್ಪಿಹೋದ ಪಾಠವನ್ನು ರಜೆಯಲ್ಲಿ ತುಂಬಿಕೊಟ್ಟು ಬದಲಿಸಲು ಬಿಡಿ. ಈಗ ಬದಲಿಸಬೇಕಾದರೆ ಮೊದಲಿಂದ ಶುರು ಮಾಡಬೇಕು. ಅದಕ್ಕೆ ಹೆದರಿ ಎಷ್ಟೋ ಮಕ್ಕಳು ಬೇಡದ ವಿಷಯವನ್ನೇ ಕಚ್ಚಿಕೊಂಡು ಕೂರುತ್ತಾರೆ. ಒಂದು ವರ್ಷ ಕಳೆದುಕೊಂಡರೂ ಸರಿ ಎಂದು ಧೈರ್ಯ ಮಾಡುವುದು ಕೈಯಲ್ಲಿ ಕಾಸಿರುವ ಮನೆಯವರು ಮಾತ್ರ.

ಎರಡನೆಯದು ಫಾರಂ. ಆ ಒಂದು ಗೆರೆ ತೆಗೆದುಹಾಕಿ. ಬದಲಿಗೆ ಮಗು ಉತ್ತರ ಹೇಳಬಹುದಾದ ಪ್ರಶ್ನೆ ಕೇಳಿ. ಯಾರೂ ಹೇಳದೆ ನೀನೇ ಮಾಡುವ ಕೆಲಸ ಯಾವುದು? ಯಾವುದಕ್ಕೆ ಮನೆಯಲ್ಲಿ ಬೈಸಿಕೊಂಡಿದ್ದೀಯ? ಏನು ಮಾಡುವಾಗ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ? ಈ ವಿಷಯ ಓದಿದವರು ಯಾರಾದರೂ ನಿನಗೆ ಗೊತ್ತಾ? ಕೊನೆಯ ಪ್ರಶ್ನೆಗೆ ಇಲ್ಲ ಎಂದು ಬರೆದ ಮಗುವನ್ನು, ಆ ವಿಷಯ ಓದಿದ ಒಬ್ಬರ ಹತ್ತಿರ ಅರ್ಧ ದಿನ ಕಳಿಸಿ. ಇದನ್ನೆಲ್ಲ ಬರೆಸುವಾಗ ಪಕ್ಕದಲ್ಲಿ ಇರಬೇಕಾದವರು ಮಾರ್ಕ್ಸ್ ಕೊಟ್ಟವರಲ್ಲ. ಮಗುವನ್ನು ಪರೀಕ್ಷೆಯ ಹೊರಗೆ ನೋಡಿದವರು. ಆಟದ ಮೇಷ್ಟ್ರು, ಲ್ಯಾಬ್ ಸಹಾಯಕರು, ನನ್ನಂಥವರು. ಅವರ ಮಾತಿಗೂ ಒಂದು ಜಾಗ ಇರಲಿ.

ಮೂರನೆಯದು ಕೇಳಿದರೆ ನಗಬಹುದು. ಕೆಳಗಿನ ತರಗತಿಗಳಿಗೆ ವಾರಕ್ಕೆ ಒಂದು ಪೀರಿಯಡ್ಡು, ಮಾರ್ಕ್ಸ್ ಇಲ್ಲದ್ದು, ಸ್ಪರ್ಧೆ ಇಲ್ಲದ್ದು ಕೊಡಿ. ಒಂದು ಕೋಣೆಯಲ್ಲಿ ಕೆಟ್ಟ ರೇಡಿಯೊ, ಭೂತಗನ್ನಡಿ, ಹಳೇ ಗಡಿಯಾರ, ಬಣ್ಣ, ನಕಾಶೆ, ಸ್ಕ್ರೂ ಡ್ರೈವರ್, ಯಾವುದಾದರೂ ವಾದ್ಯ ಇಟ್ಟು ಮಕ್ಕಳನ್ನು ಬಿಡಿ. ಜೊತೆಗೆ ಒಬ್ಬ ದೊಡ್ಡವರು ಇರಲಿ. ಅವರು ಪಂಡಿತರೇ ಆಗಬೇಕಿಲ್ಲ. ಸಂಗೀತ, ಕ್ರೀಡೆ, ಗಣಿತ ಹೀಗೆ ಬೇರೆ ಬೇರೆ ಕ್ಷೇತ್ರಗಳಲ್ಲಿ ಮೇಲೆ ಬಂದ 120 ಜನರ ಬಾಲ್ಯವನ್ನು ಬೆಂಜಮಿನ್ ಬ್ಲೂಮ್ ತಂಡ ಕೆದಕಿ, 1985ರಲ್ಲಿ ಪ್ರಕಟಿಸಿತ್ತು. ಅವರಲ್ಲಿ ಬಹಳ ಜನರ ಮೊದಲ ಗುರು ದೊಡ್ಡ ಪರಿಣತರೇನೂ ಆಗಿರಲಿಲ್ಲ. ಪ್ರೀತಿಯಿಂದ ಮಾತಾಡಿಸುವವರು, ಕಲಿಕೆಯನ್ನು ಆಟದ ಹಾಗೆ ಮಾಡಿದವರು. ಪರಿಣತರು ಬೇಕಾದದ್ದು ಆಮೇಲೆ. ಅಂಥ ಜನ ಪ್ರತಿ ಶಾಲೆಯಲ್ಲೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅವರ ಟೈಮ್‌ಟೇಬಲ್‌ನಲ್ಲಿ ಬಿಡುವಿರುವುದಿಲ್ಲ, ಅಷ್ಟೇ.

ಲೈಬ್ರರಿಗೆ ಪುಸ್ತಕ ಕೊಳ್ಳುವ ಪಟ್ಟಿಯನ್ನು ಮೇಲಿನಿಂದ ಕಳಿಸುವುದನ್ನೂ ಸ್ವಲ್ಪ ಕಡಿಮೆ ಮಾಡಿ. ಪಟ್ಟಿಯ ಕಾಲು ಭಾಗವನ್ನು ಆಯಾ ಶಾಲೆಯ ರಿಜಿಸ್ಟರ್ ನೋಡಿ ತೀರ್ಮಾನಿಸಲು ಬಿಡಿ. ಜ್ವಾಲಾಮುಖಿಯ ಹುಡುಗನಿಗೆ ಎರಡನೇ ಪುಸ್ತಕ ಸಿಗಬೇಕಾದರೆ ಬೇರೆ ದಾರಿ ಇಲ್ಲ.

ಈ ವರ್ಷದ ಫಾರಂ ಇನ್ನೂ ಅಚ್ಚಿಗೆ ಹೋಗಿಲ್ಲ ಎಂದು ಕೇಳಿದೆ. ಪ್ರಶ್ನೆಗಳ ಕರಡು ನನ್ನ ಹತ್ತಿರ ಇದೆ, ಒಂದೇ ಹಾಳೆ. ಮಕ್ಕಳ ಹೆಸರು ತೆಗೆದು ರಿಜಿಸ್ಟರಿನ ಪ್ರತಿಯನ್ನೂ ಕೊಡುತ್ತೇನೆ. ಯಾವ ವಯಸ್ಸಿಗೆ ಯಾವ ಬಗೆಯ ಪುಸ್ತಕ ಕೇಳುವುದು ನಿಂತುಹೋಗುತ್ತದೆ ಎಂದು ಅದರಲ್ಲಿ ನೋಡಬಹುದು. ಬದಲಿಸುವ ವರ್ಷದ ಬಗ್ಗೆ ಮಾತ್ರ ನಿಮ್ಮ ಉತ್ತರ ಬರಹದಲ್ಲಿ ಬೇಕು. ಪೋಷಕರು ಬಂದು ಕೇಳಿದಾಗ ತೋರಿಸಲು.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ಶಾಲಾ ಗ್ರಂಥಪಾಲಕಿ